ಹಿಮದ ಟೆಂಟಿನ ಗಾಳಿಕಂಡಿ

ಮೀನು ಹಿಡಿಯುವವರಿಗೆ ಟೆಂಟು ಹೊಲಿಯುವ ಆರ್ಡರು ಬಂದಿದೆ ಎಂದು ಮಾಲೀಕರು ಹೇಳಿದ ದಿನ ನಮ್ಮ ಹೊಲಿಗೆ ಹಾಲಿನಲ್ಲಿ ಮೆಷಿನುಗಳೆಲ್ಲ ನಿಂತು ನಗು ಶುರುವಾಯಿತು. ನಮ್ಮಲ್ಲಿ ಹೊಲಿಯುವವರಲ್ಲಿ ಹೆಚ್ಚಿನವರೂ ಕುಂಬಳೆ ಕಡಲಿನ ಪಕ್ಕದ ಹೆಂಗಸರು. ಮೀನು ಹಿಡಿಯಲು ದೋಣಿ ಬೇಕು, ಬಲೆ ಬೇಕು ಎಂದು ಅವರಿಗೆ ಗೊತ್ತು. ಮನೆ ಕಟ್ಟಿಕೊಂಡು ಮೀನು ಹಿಡಿಯುವವರನ್ನು ಅವರು ನೋಡಿದವರಲ್ಲ.

"ಆ ಊರಲ್ಲಿ ಚಳಿಗೆ ಕೆರೆ ಗಟ್ಟಿ ಐಸ್ ಆಗ್ತದಂತೆ. ಅದರ ಮೇಲೆ ಟೆಂಟು ಹಾಕಿ, ಒಳಗೆ ಕೂತು, ಐಸಿಗೆ ತೂತು ಕೊರೆದು ಗಾಳ ಬಿಡುದಂತೆ," ಎಂದರು ಮಾಲೀಕರು.

"ಅಷ್ಟು ಕಷ್ಟ ಎಂತಕ್ಕೆ ಮಾರ್ರೆ? ಮಾರ್ಕೆಟಿಂದ ತರ್ಬಹುದಲ್ವಾ?" ಎಂದರು ನಮ್ಮ ಹಿರಿಯ ಹೊಲಿಗೆಯವರು. ಹಾಲಿನಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುವುದು.

ನನಗೆ ನಗು ಬರಲಿಲ್ಲ. ಕುಂಬಳೆ ಹತ್ತಿರದ ಅನಂತಪುರದ ಕೈಗಾರಿಕಾ ವಸಾಹತಿನ ಆ ಸಣ್ಣ ಯೂನಿಟ್ಟಿನಲ್ಲಿ ಅಳತೆ ತೆಗೆದು ಪ್ಯಾಟರ್ನ್ ಕತ್ತರಿಸುವುದು ನನ್ನ ಕೆಲಸ. ಹೊಲಿದು ಮುಗಿದದ್ದನ್ನು ಕೊನೆಗೆ ನೋಡಿ ಪ್ಯಾಕಿಂಗಿಗೆ ಬಿಡುವುದೂ ನಾನೇ. ಲಾರಿಯ ಟರ್ಪಾಲು, ಮದುವೆ ಚಪ್ಪರದ ಮೇಲ್ಹೊದಿಕೆ, ಅಂಗಡಿ ಎದುರಿನ ಇಳಿಜಾರು ಶೀಟು, ಇಷ್ಟೇ ನಮ್ಮ ಲೋಕ. ಈಗ ಹಿಮ. ನಾನು ಕಂಡ ಐಸು ಎಂದರೆ ಮದುವೆ ಮನೆಯ ಜ್ಯೂಸಿನದ್ದು, ಮತ್ತೆ ಮೀನಿನ ಲಾರಿಯಿಂದ ರಸ್ತೆಗೆ ಸುರಿಯುತ್ತಾ ಹೋಗುವ ಗಲೀಜು ನೀರಿನದ್ದು. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ನಮ್ಮೂರು ಬಾಯಾರಿನಿಂದ ಬೆಳಗ್ಗಿನ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಮೀನಿನ ಚೀಲ ಇದ್ದರೆ ನಾನು ಇಳಿಯುವವರೆಗೂ ಕಿಟಕಿಯ ಹೊರಗೇ ಮೂಗು ಇಟ್ಟುಕೊಳ್ಳುವವಳು. ಇದು ಇಡೀ ಯೂನಿಟ್ಟಿಗೇ ಗೊತ್ತಿರುವ ತಮಾಷೆ.

ಏಜೆಂಟ್ ಒಂದು ಸ್ಯಾಂಪಲ್ ಟೆಂಟು ಕಳಿಸಿದ್ದ. ಅದನ್ನು ಬಿಡಿಸಿ ನೋಡಿದಾಗ ಮಾತ್ರ ನನಗೆ ಗೌರವ ಬಂತು. ಗೋಡೆಗೆ ಮೂರು ಪದರದ ಬಟ್ಟೆ, ನಡುವೆ ಹತ್ತಿಯಂತಹ ತೆಳು ಹಾಸು, ಚೌಕ ಚೌಕವಾಗಿ ಹೊಲಿದಿದ್ದರು. ಪ್ರತಿ ಗೋಡೆಯ ನಡುವಿನ ಗುಂಡನೆಯ ಹಿಡಿಕೆಯನ್ನು ಹಿಡಿದು ಹೊರಗೆ ಎಳೆದರೆ ಒಳಗಿನ ಫೈಬರ್ ಕಡ್ಡಿಗಳು ಬಿಲ್ಲಿನಂತೆ ಬಾಗಿ ಗೋಡೆ ತಾನಾಗಿ ನಿಲ್ಲುತ್ತದೆ. ಐಸಿಗೆ ತಿರುಪಿ ಕೂರಿಸಲು ಉದ್ದನೆಯ ಸ್ಕ್ರೂ, ಅದಕ್ಕೆ ಹಗ್ಗ. ಕೆಳಗೆ ಸುತ್ತಲೂ ಹೊರಕ್ಕೆ ಚಾಚಿದ ಅಗಲದ ಪಟ್ಟಿ. ಹೆಂಗಸರು ಅದನ್ನು ಸೆರಗು ಎಂದರು. ಒಂದು ಮೂಲೆಯಲ್ಲಿ ಮೇಲೆ, ಎದುರು ಮೂಲೆಯಲ್ಲಿ ಕೆಳಗೆ, ಬಲೆ ಹಾಕಿದ ಗಾಳಿಕಂಡಿ.

ನಾನು ಒಂದೊಂದು ಹೊಲಿಗೆಯನ್ನೂ ಬ್ಲೇಡಿನಿಂದ ಬಿಡಿಸಿ, ತುಂಡುಗಳನ್ನು ನೆಲಕ್ಕೆ ಹರವಿ, ಕಾಗದದಲ್ಲಿ ಪ್ಯಾಟರ್ನ್ ತೆಗೆದೆ. ಮೊದಲ ಟೆಂಟು ಮೇಲೆ ಎದ್ದಾಗ ಸೆರಗು ಕಾಣಲಿಲ್ಲ. ಒಳಕ್ಕೆ ಮಡಚಿ ಅಂದವಾಗಿ ಹೊಲಿದುಬಿಟ್ಟಿದ್ದರು.

"ನೆಲಕ್ಕೆ ತಾಗಿದ್ರೆ ಕೊಳೀತದೆ ಅಕ್ಕ. ಟರ್ಪಾಲಿಗೆ ಯಾರಾದ್ರೂ ಹೀಗೆ ಬಿಡ್ತಾರಾ?" ಎಂದರು ದೊಡ್ಡಕ್ಕ.

"ಅದು ನೆಲಕ್ಕೆ ತಾಗಬೇಕು ದೊಡ್ಡಕ್ಕ. ಅದರ ಮೇಲೆ ಹಿಮ ಗೋರಿ ಹಾಕುದು. ಆಗ ಟೆಂಟು ಹಾರುದಿಲ್ಲ, ಅಡಿಯಿಂದ ಚಳಿ ಬರುದಿಲ್ಲ."

ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಬಿಚ್ಚಿ ಹೊಲಿದರು. ನಮ್ಮ ಕೈಗಳಿಗೆ ಗೊತ್ತಿದ್ದದ್ದು ಮಳೆ ಒಂದೇ. ನೀರು ನಿಲ್ಲಬಾರದು, ನೀರು ಒಳಗೆ ಬರಬಾರದು. ಎಲ್ಲಿ ಸಂದು ಕಂಡರೂ ಅದನ್ನು ಮುಚ್ಚಬೇಕೆಂದು ಕೈ ತಾನೇ ಹೋಗುತ್ತದೆ. ಅದರಲ್ಲಿ ಅವರ ತಪ್ಪಿಲ್ಲ, ಕರ್ಕಾಟಕ ತಿಂಗಳಿನ ಮಳೆಯನ್ನು ಗಾಳಿಯ ಜೊತೆ ಅಡ್ಡ ಹೊಡೆಯುವಾಗ ನೋಡಿದವರು ಹಾಗೆಯೇ ಹೊಲಿಯುವುದು.

ನಿಜವಾದ ಎಡವಟ್ಟು ಆದದ್ದು ನೀರಿನ ಪರೀಕ್ಷೆಯಲ್ಲಿ. ನಮ್ಮ ಯೂನಿಟ್ಟಿನಿಂದ ಏನೇ ಹೊರಗೆ ಹೋಗಲಿ, ಅದನ್ನು ಅಂಗಳದಲ್ಲಿ ಕಟ್ಟಿ, ಒಬ್ಬರನ್ನು ಒಳಗೆ ಕೂರಿಸಿ, ಬೋರ್‌ವೆಲ್ ಪಂಪಿನ ನೀರು ಹೊಡೆಯುವುದು ರೂಢಿ. ಒಳಗಿದ್ದವರು ಒದ್ದೆಯಾಗದೆ ಬಂದರೆ ಪಾಸು. ಮಾಲೀಕರಿಗೆ ಇದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಪ್ರತಿ ಸಲವೂ ಮೊಬೈಲಿನಲ್ಲಿ ವಿಡಿಯೋ ಮಾಡಿ ಊರಿಗೆಲ್ಲ ಕಳಿಸುತ್ತಾರೆ. ಹಿಮದ ಟೆಂಟಿಗೂ ನೀರು ಹೊಡೆದರು. ಗಾಳಿಕಂಡಿಯಿಂದ ನೀರು ಚಿಮ್ಮಿ ಒಳಗೆ ಕೂತಿದ್ದ ಡ್ರೈವರಿನ ಅಂಗಿ ತೊಯ್ದಿತು.

"ಅದನ್ನು ಮುಚ್ಚಿ," ಎಂದರು ಮಾಲೀಕರು.

"ಅಲ್ಲಿ ಮಳೆ ಬರುದಿಲ್ಲ ಅಣ್ಣ. ಹಿಮ ಮಾತ್ರ," ಎಂದೆ.

"ಹಿಮ ಕರಗಿದ್ರೆ ನೀರೇ ಅಲ್ವಾ?" ಎಂದರು ದೊಡ್ಡಕ್ಕ. ಎಲ್ಲರೂ ಹೌದು ಹೌದು ಎಂದರು.

"ಅದು ಉಸಿರಾಡ್ಲಿಕ್ಕೆ ಇಟ್ಟದ್ದು ಅಣ್ಣ. ಒಳಗೆ ಗ್ಯಾಸಿನ ಹೀಟರ್ ಉರಿಸ್ತಾರೆ. ಸ್ಯಾಂಪಲ್ಲಿನಲ್ಲಿ ಸುಮ್ಮನೆ ಇಟ್ಟಿರ್ಲಿಕ್ಕಿಲ್ಲ."

"ಬಾಗಿಲಿನ ಜಿಪ್ ಉಂಟಲ್ಲ, ಬೇಕಾದಾಗ ತೆಗೀತಾರೆ. ಒಳಗೆ ಬೆಚ್ಚಗಿರ್ಲಿ ಅಂತ ಟೆಂಟು, ನಾವು ಅದಕ್ಕೆ ತೂತು ಮಾಡಿ ಕೊಡುದಾ?" ಎಂದರು ಮಾಲೀಕರು.

ಎರಡೂ ಗಾಳಿಕಂಡಿಗಳ ಮೇಲೆ ಅದೇ ಬಟ್ಟೆಯ ತುಂಡಿಟ್ಟು ನಾಲ್ಕೂ ಬದಿ ಹೊಲಿದರು. ಒಳಗಿನಿಂದ ಬಿಸಿಗಾಳಿಯಲ್ಲಿ ಟೇಪು ಅಂಟಿಸಿದರು. ಮತ್ತೆ ನೀರು ಹೊಡೆದಾಗ ಒಂದು ಹನಿ ಒಳಗೆ ಬರಲಿಲ್ಲ. ಚಪ್ಪಾಳೆ ಬಿತ್ತು, ವಿಡಿಯೋ ಹೋಯಿತು, ಅದೇ ರೀತಿ ಉಳಿದವನ್ನೂ ಹೊಲಿಯಲು ಶುರುಮಾಡಿದರು. ನಾನು ಎರಡನೆಯ ಸಲವೂ ಹೇಳಿದೆ. "ನೀವು ಸುಮ್ಮನೆ ತಲೆಬಿಸಿ ಮಾಡ್ಬೇಡಿ" ಎಂಬುದೇ ಉತ್ತರ.

ಅಷ್ಟರಲ್ಲಿ ನನ್ನ ತಲೆಗೆ ಇನ್ನೊಂದು ಕೆಲಸ ಕಟ್ಟಿದರು. ಟೆಂಟಿನ ಜೊತೆ ಕಳಿಸುವ ಸೂಚನೆಯ ಹಾಳೆಯ ವಿಷಯ ನಾನು ತಯಾರಿಸಬೇಕು. ಹೇಗೆ ಕಟ್ಟುವುದು, ಯಾವ ಬದಿಗೆ ಬಾಗಿಲು, ಏನು ಹಾಕಿಕೊಳ್ಳುವುದು. ಊಟದ ಬಿಡುವಿನಲ್ಲಿ ಕೂತು ಓದಿ ಓದಿ ನಾನು ಹಿಮದ ಪಂಡಿತೆಯಾದೆ. ಗಾಳಿ ಬರುವ ಬದಿಯ ಹಗ್ಗ ಮೊದಲು ಬಿಗಿಯಬೇಕು, ಇಲ್ಲದಿದ್ದರೆ ಟೆಂಟು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಮೈಗೆ ತಾಗುವ ಅಂಗಿ ಹತ್ತಿಯದ್ದಾಗಬಾರದು, ಬೆವರು ಹೀರಿ ತಣ್ಣಗೆ ಅಂಟಿಕೊಳ್ಳುತ್ತದೆ. ಕಾಲಿನ ಅಡಿಗೆ ದಪ್ಪ ಚಾಪೆ ಬೇಕು, ಚಳಿ ಹತ್ತುವುದೇ ಪಾದದಿಂದ. ಇದೆಲ್ಲ ಓದುವಾಗ ಒಂದು ಮಾತು ಎಲ್ಲ ಕಡೆಯೂ ಬರುತ್ತಿತ್ತು. ಹೀಟರ್ ಉರಿಸಿದರೆ ಮೇಲೊಂದು ಕೆಳಗೊಂದು ಕಂಡಿ ತೆರೆದೇ ಇರಬೇಕು. ಅದನ್ನು ಮಾಲೀಕರಿಗೆ ತೋರಿಸಿದೆ. ಅವರು ಓದಿದರು. ಕಣ್ಣು ಕೊನೆಯ ಸಾಲಿನವರೆಗೂ ಹೋದದ್ದನ್ನು ನಾನು ನೋಡಿದೆ. "ಅದೆಲ್ಲ ಬರೀತಾರೆ ಅಕ್ಕ, ಅವರಿಗೆ ಕೇಸಿನ ಹೆದರಿಕೆ," ಎಂದು ಹಿಂದೆ ಕೊಟ್ಟರು.

ಏಜೆಂಟಿಗೆ ಚಳಿಯಲ್ಲಿ ನಿಲ್ಲಿಸಿದ ಟೆಂಟಿನ ಫೋಟೋ ಬೇಕಾಗಿತ್ತು. ಕಾಸರಗೋಡಿನಲ್ಲಿ ಚಳಿ ಎಲ್ಲಿಂದ ತರುವುದು? ಮಾಲೀಕರ ಗುರ್ತದ ಐಸ್ ಪ್ಲಾಂಟು ಕಡಲಿನ ಬದಿಯಲ್ಲಿತ್ತು. ಅಲ್ಲಿಗೆ ಪಿಕಪ್ಪಿನಲ್ಲಿ ಹೋದೆವು, ಮಾಲೀಕರು, ಡ್ರೈವರು, ನಾನು. ಬೆಚ್ಚಗಿನ ಅಂಗಿ ಹಾಕಿ ಒಳಗೆ ಕೂತು ಫೋಟೋಕ್ಕೆ ನಗುವುದು ನನ್ನ ಕೆಲಸ. ಕೇದಾರಕ್ಕೆ ಹೋಗಿ ಬಂದ ನೆಂಟರ ಜಾಕೆಟ್ಟನ್ನು ಕೇಳಿ ತಂದಿದ್ದೆ, ಕರ್ಪೂರದ ಮಾತ್ರೆಯ ವಾಸನೆ ಹೊಡೆಯುತ್ತಿತ್ತು.

ಐಸ್ ಪ್ಲಾಂಟನ್ನು ನೆನೆದರೆ ಈಗಲೂ ನನ್ನ ಕೈ ಮೂಗಿಗೆ ಹೋಗುತ್ತದೆ. ಹೊರಗೆ ಸಿಗಡಿಯ ಸಿಪ್ಪೆ ರಾಶಿ ಬಿದ್ದು ಗುಲಾಬಿ ಬಣ್ಣದ ಲೋಳೆ ಹರಿಯುತ್ತಿತ್ತು. ಅದರ ಮೇಲೆ ನೊಣ ಅಲ್ಲ, ನೊಣದ ಕಂಬಳಿ. ನೆಲದಲ್ಲಿ ಮೀನಿನ ಹುರುಪೆ ಅಂಟಿ ಚಪ್ಪಲಿ ಜಾರುತ್ತಿತ್ತು. ಐಸು ಎಳೆಯುವ ಕೊಕ್ಕೆಯನ್ನು ಹಿಡಿದ ಕೂಡಲೇ ಕೈಗೆ ಕಪ್ಪು ಜಿಡ್ಡು. ನೀರು, ಉಪ್ಪು, ಕೊಳೆತದ್ದು, ಅಮೋನಿಯಾ, ಎಲ್ಲ ಸೇರಿ ಮೂಗಿನಿಂದ ನೇರ ಹೊಟ್ಟೆಗೆ ಇಳಿಯುವಂತಹ ನಾತ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ.

"ನಿಮ್ಮವರಿಗೆ ಇದು ಆಗುದಿಲ್ಲ ಅಲ್ವಾ?" ಎಂದು ನಕ್ಕರು ಪ್ಲಾಂಟಿನ ಮೇಸ್ತ್ರಿ.

ಐಸಿನ ದಿಮ್ಮಿ ಇಡುವ ಕೋಣೆಯ ನೆಲದಲ್ಲಿ ಟೆಂಟು ಕಟ್ಟಿದೆವು. ಕೋಣೆಯ ಬಾಗಿಲು ಸ್ವಲ್ಪ ತೆರೆದಿಟ್ಟು ಡ್ರೈವರು ಅಲ್ಲಿ ನಿಂತ. ಐಸಿನ ಪುಡಿಯನ್ನು ಟೆಂಟಿನ ಸೆರಗಿನ ಮೇಲೆ ಗೋರಿ ಹಾಕಿದೆವು. ಸರಿಯಾಗಿ ಕೂತಿತು. ಜಿಪ್ಪು ಚಳಿಗೆ ಗಡುಸಾಗಿ ಎಳೆಯಲು ಕಷ್ಟವಾಯಿತು, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಏಜೆಂಟ್ ಕಳಿಸಿದ್ದ ಗ್ಯಾಸ್ ಹೀಟರನ್ನು ನಡುವೆ ಇಟ್ಟು ಹಚ್ಚಿ, ಮಡಚುವ ಕುರ್ಚಿಯಲ್ಲಿ ಕೂತೆ. ಹೊರಗಿನಿಂದ ಜಿಪ್ಪು ಎಳೆದರು. ಒಳಗೆ ಎಷ್ಟು ಬಿಸಿಯಾಗುತ್ತದೆ ಎಂದು ಥರ್ಮಾಮೀಟರ್ ನೋಡಿ ಕೂಗಿ ಹೇಳುತ್ತಾ ಇರಬೇಕಿತ್ತು.

ಮೊದಲು ಒಳ್ಳೆಯದೇ ಆಯಿತು. ಒಳಗೆ ಮೀನಿನ ನಾತ ಇರಲಿಲ್ಲ. ಹೊಸ ಬಟ್ಟೆ ಮತ್ತು ಟೇಪಿನ ಅಂಟಿನ ವಾಸನೆ ಅಷ್ಟೆ. ಬೆಚ್ಚಗಾಯಿತು, ಸಮಾಧಾನವಾಯಿತು. ಸ್ವಲ್ಪ ಹೊತ್ತಿನಲ್ಲಿ ಗೋಡೆಗಳು ಬೆವರಿ ಹನಿ ಕೆಳಗಿಳಿಯತೊಡಗಿತು. ಕೆಂಪಗೆ ಹೊಳೆಯುತ್ತಿದ್ದ ಹೀಟರಿನ ಜಾಲರಿ ಮಂಕಾಗಿ ಅಂಚಿನಲ್ಲಿ ಹಳದಿ ಉರಿ ಕಾಣಿಸಿತು. ಹಣೆಯ ಎರಡೂ ಬದಿ ಯಾರೋ ಹಿಡಿದು ಒತ್ತಿದ ಹಾಗೆ. ಥರ್ಮಾಮೀಟರಿನ ಅಂಕೆ ಕಾಣುತ್ತಿತ್ತು, ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಏನೋ ಸರಿಯಿಲ್ಲ ಎಂದು ಎದ್ದು ಜಿಪ್ಪಿಗೆ ಕೈ ಹಾಕಿದರೆ ಬೆರಳಿಗೆ ಬಲವಿಲ್ಲ. ಬಟ್ಟೆಗೆ ಬಡಿದೆ. ಡ್ರೈವರು ಓಡಿ ಬಂದು ಜಿಪ್ಪು ಕಿತ್ತ ಹಾಗೆ ಎಳೆದ. ಕೋಣೆಯ ಬಾಗಿಲು ದಾಟಿದವಳೇ ಸಿಗಡಿ ಸಿಪ್ಪೆಯ ಪಕ್ಕ ಮಂಡಿಯೂರಿ ವಾಂತಿ ಮಾಡಿದೆ. ಮೈಮೇಲೆ ಹಾಕಿದ್ದು ಇನ್ನೊಬ್ಬರ ಜಾಕೆಟ್, ಅದರ ತೋಳಿಗೂ ಆಯಿತು.

ಎಲ್ಲರೂ ನಕ್ಕರು.

"ನಾನು ಆಗಲೇ ಹೇಳ್ಲಿಲ್ವಾ, ಪುಳ್ಚಾರು ತಿನ್ನುವ ಭಟ್ರ ಮನೆಯವರಿಗೆ ಇಲ್ಲಿ ನಿಲ್ಲಿಕ್ಕೆ ಆಗ್ಲಿಕ್ಕಿಲ್ಲಾಂತ," ಎಂದರು ಮೇಸ್ತ್ರಿ.

ಮಾಲೀಕರೂ ನಕ್ಕರು. "ಮೀನಿನ ವಾಸನೆಗೇ ಹೀಗಾದ್ರೆ ಹೇಗೆ ಅಕ್ಕ? ಹೋಗಿ ಸೋಡಾ ಕುಡೀರಿ." ನಾನು ಬಾಗಿಲಿನಾಚೆಯಿಂದ ನೋಡುತ್ತಿದ್ದಂತೆ ಅವರು ನಗುತ್ತಲೇ ಟೆಂಟಿನ ಒಳಗೆ ಕೈ ಮಾತ್ರ ಹಾಕಿ ಹೀಟರನ್ನು ಆರಿಸಿ, ಬಾಗಿಲಿನ ಬಟ್ಟೆಯನ್ನು ಪೂರ್ತಿ ಮೇಲಕ್ಕೆ ಸುತ್ತಿ ಕಟ್ಟಿದರು. ಆಗ ಅದನ್ನು ನಾನು ಯೋಚಿಸಲಿಲ್ಲ. ಅವರು ಹೇಳಿದ್ದೇ ನಿಜ ಎಂದುಕೊಂಡೆ. ನನ್ನ ಹೇಸಿಗೆ ಅಷ್ಟು ಹೆಸರುವಾಸಿ.

ಆ ಸಂಜೆ ಸೀತಾಂಗೋಳಿಯಲ್ಲಿ ಮನೆಯ ಬಸ್ಸಿಗೆ ಕಾಯುವಾಗಲೂ ತಲೆ ಸಿಡಿಯುತ್ತಿತ್ತು. ಮೀನಿನ ನಾತದಿಂದ ನನಗೆ ಎಷ್ಟೋ ಸಲ ವಾಕರಿಕೆ ಬಂದಿದೆ. ಮೂಗು ತಿರುಗಿಸಿದರೆ ಹೋಗುತ್ತದೆ, ಹೀಗೆ ತಲೆ ಹಿಡಿದುಕೊಂಡು ಬರುವುದಿಲ್ಲ. ಮತ್ತೆ, ನಾತ ಇದ್ದದ್ದು ಟೆಂಟಿನ ಹೊರಗೆ. ನನಗೆ ಆದದ್ದು ಟೆಂಟಿನ ಒಳಗೆ. ನಮ್ಮ ಬಚ್ಚಲಿನಲ್ಲಿ ಹಂಡೆಗೆ ಬೆಂಕಿ ಹಾಕುವ ಕಡೆ ಗೋಡೆಯ ಮೇಲೆ ಒಂದು ತೂತು ಇದೆ. ಚಳಿಗಾಲದಲ್ಲಿ ಒಮ್ಮೆ ಅದಕ್ಕೆ ಗೋಣಿ ತುರುಕಿದ್ದಕ್ಕೆ, ಉಸಿರುಕಟ್ಟಿ ಸಾಯುತ್ತೀರೆಂದು ಅಜ್ಜಿ ಎಲ್ಲರಿಗೂ ಬೈದದ್ದು ಬಸ್ಸಿನಲ್ಲಿ ನೆನಪಾಯಿತು.

ಮರುದಿನ ಮಾಲೀಕರಿಗೆ ಹೇಳಿದೆ. ಗಾಳಿಕಂಡಿ ತೆರೆಯಬೇಕು, ಇಲ್ಲದಿದ್ದರೆ ಹೀಟರಿನ ವಿಷಗಾಳಿ ತುಂಬಿ ಇದರೊಳಗೆ ಮಲಗಿದವರು ಏಳುವುದಿಲ್ಲ. ಗಾಳ ಬಿಟ್ಟು ಕೂತವರು ಬೆಚ್ಚಗೆ ತೂಕಡಿಸುತ್ತಾರೆ, ಬಡಿದರೆ ಓಡಿ ಬರಲು ಗೋಡೆಯ ಆಚೆ ಡ್ರೈವರು ಇರುವುದಿಲ್ಲ.

"ನಿಮಗೆ ಬೂತಾಯಿ ಮೀನು ಅಂತ ಹೇಳಿದ್ರೆ ಸಾಕು, ವಾಂತಿ ಬರ್ತದೆ. ಅದಕ್ಕೆ ಟೆಂಟಿಗೆ ಯಾಕೆ ಬೈಯುದು?" ಎಂದರು ಅವರು, ಹಾಲಿಗೆಲ್ಲ ಕೇಳುವ ಹಾಗೆ. ಮೆಷಿನುಗಳ ಹಿಂದಿನಿಂದ ಕಿಸಿಕಿಸಿ ಕೇಳಿತು. ಲೋಡು ಕಳಿಸುವ ಲಾರಿ ಆ ವಾರವೇ ಬರುವುದಿತ್ತು. ಪ್ಯಾಕ್ ಆದ ಟೆಂಟುಗಳು ಗೋಡೆಯ ಉದ್ದಕ್ಕೂ ಅಟ್ಟಿಯಾಗಿ ಕೂತಿದ್ದವು, ಎಲ್ಲದರ ಕಂಡಿಯೂ ಮುಚ್ಚಿದ್ದೇ.

ನನಗೆ ಸಿಟ್ಟು ನೆತ್ತಿಗೇರಿತು. ಬೇಕಾದರೆ ನನ್ನ ಜಾತಿಗೆ ನಗಲಿ, ನನ್ನ ಮೂಗಿಗೆ ನಗಲಿ, ಅದು ದಿನಾ ಇರುವುದೇ. ಆದರೆ ಆ ನಗುವಿನ ಅಡಿಯಲ್ಲಿ ಕಾಣದವರ ಸಾವನ್ನು ಅಡಗಿಸಿ ಲಾರಿಗೆ ಹತ್ತಿಸುವುದೆಂದರೆ ಅಸಹ್ಯ. ಹಾಗಾದರೆ ಮೀನಿನಿಂದಲೇ ತೀರ್ಮಾನವಾಗಲಿ ಎಂದು ನಿಶ್ಚಯಿಸಿದೆ.

ಬೆಳಗ್ಗೆ ಹಾರ್ನ್ ಹೊಡೆಯುತ್ತಾ ಬರುವ ಬೈಕಿನ ಮೀನಿನವನು ಗೇಟಿಗೆ ಬಂದಾಗ ನಾನು ಹೋಗಿ ನಿಂತೆ. ಅವನಿಗೆ ದಿಗಿಲಾಯಿತು.

"ನಿಮಗಾ ಅಕ್ಕ? ಮೀನಾ?"

"ಬೂತಾಯಿ. ಒಂದು ಬುಟ್ಟಿ. ನಿನ್ನೆಯದು ಉಳಿದದ್ದು ಇದ್ರೆ ಅದೇ ಆಗಬಹುದು."

ಶೆಡ್ಡಿನ ನೆರಳಿನಲ್ಲಿ ಐಸ್ ಪ್ಲಾಂಟಿಗೆ ಒಯ್ದಿದ್ದ ಅದೇ ಟೆಂಟನ್ನು ಕಟ್ಟಿಸಿದೆ. ಹೀಟರ್ ಇಲ್ಲ. ಕುರ್ಚಿಯ ಕಾಲಬುಡಕ್ಕೆ ಬುಟ್ಟಿ ಇಟ್ಟು, ಮೇಲಿನ ಬಾಳೆಲೆ ತೆಗೆದೆ. "ಊಟದ ಬೆಲ್ಲಿನವರೆಗೆ ಇದರಲ್ಲಿ ಕೂರ್ತೇನೆ. ವಾಂತಿ ಮಾಡಿದ್ರೆ ಅಣ್ಣ ಹೇಳಿದ್ದೇ ಸರಿ. ಮಾಡದಿದ್ರೆ ನಾನು ಹೇಳಿದ್ದು," ಎಂದು ದೊಡ್ಡಕ್ಕನ ಹತ್ತಿರ ಹೇಳಿ ಜಿಪ್ಪು ಹಾಕಿಸಿದೆ.

ಆ ಹೊತ್ತನ್ನು ಹೇಗೆ ಕಳೆದೆನೋ. ಚಳಿಯನ್ನು ಹೊರಗಿಡಲು ಹೊಲಿದ ಗೋಡೆ ನಾತವನ್ನು ಒಳಗೆ ಹಿಡಿದಿಟ್ಟಿತು. ಸೆಕೆಗೆ ಐಸು ಕರಗಿ ಬುಟ್ಟಿಯ ಸಂದಿನಿಂದ ರಕ್ತದ ನೀರು ಹರಿದು ನನ್ನ ಚಪ್ಪಲಿಯ ಅಡಿಗೆ ಬಂತು. ಮೀನಿನ ಕಣ್ಣುಗಳೆಲ್ಲ ನನ್ನ ಕಡೆಗೇ, ಒಂದೊಂದೂ ಬಿಳಿಚಿ ಉಬ್ಬಿದ್ದು. ಜೊತೆಗೆ ಒಳಗೆ ಸೇರಿದ ಒಂದು ನೊಣ ಮೀನಿನ ಮೇಲೆ ಕೂತು, ಎದ್ದು, ನನ್ನ ತುಟಿಯ ಮೇಲೆ ಕೂರುತ್ತಿತ್ತು. ಛೀ! ಬಾಯಿ ತುಂಬ ನೀರು ಬಂತು, ಕಣ್ಣಲ್ಲಿ ನೀರು ಬಂತು, ಬೆಳಗ್ಗಿನ ದೋಸೆ ಗಂಟಲವರೆಗೆ ಬಂದು ಬಂದು ಕೆಳಗೆ ಹೋಯಿತು. ಸೆರಗಿಗೆ ಉಗುಳಿದೆ, ಕುಪ್ಪಿಯ ನೀರು ಕುಡಿದೆ, ಮತ್ತೆ ಉಗುಳಿದೆ. ಮಾಲೀಕರನ್ನು ಗೊತ್ತಿದ್ದ ಎಲ್ಲ ಬೈಗುಳದಿಂದಲೂ ಬೈದೆ. ಆದರೆ ತಲೆ ನೋಯಲಿಲ್ಲ. ಬೆರಳು ಸೋಲಲಿಲ್ಲ.

ಬೆಲ್ಲು ಹೊಡೆದಾಗ ಜಿಪ್ಪನ್ನು ಒಳಗಿನಿಂದ ನಾನೇ ಎಳೆದು, ಬುಟ್ಟಿ ಎತ್ತಿಕೊಂಡು, ನೇರವಾಗಿ ನಡೆದು ಬಂದೆ. ಸುತ್ತ ನಿಂತಿದ್ದ ಹೆಂಗಸರು ಯಾರೂ ನಗಲಿಲ್ಲ. ನನ್ನಿಂದ ಬರುತ್ತಿದ್ದ ವಾಸನೆಗೆ ಮೀನು ತಿನ್ನುವವರೇ ಮೂಗು ಮುಚ್ಚಿದರು.

ಮಾಲೀಕರೂ ಬಂದಿದ್ದರು. ನಾನು ಟೆಂಟಿನ ಒಳಗೆ ನೀರು ಹಾಕಿ ತೊಳೆದು, ಹೀಟರ್ ತಂದು ನಡುವೆ ಇಟ್ಟು ಹಚ್ಚಿದೆ. ಕುರ್ಚಿಯನ್ನು ಒರೆಸಿದೆ.

"ಮೀನು ತೆಗ್ದಿದ್ದೇನೆ ಅಣ್ಣ. ನೀವು ಮೀನು ತಿನ್ನುವವರು, ಇದ್ರೂ ನಿಮಗೆ ತೊಂದರೆ ಇಲ್ಲ. ಒಂದು ಸ್ವಲ್ಪ ಹೊತ್ತು ಒಳಗೆ ಕೂತ್ಕೊಳ್ಳಿ. ಜಿಪ್ಪು ನಾನು ಹಾಕ್ತೇನೆ."

ಅವರು ಹೀಟರನ್ನು ನೋಡಿದರು. ಮೂಲೆಯಲ್ಲಿ ಹೊಲಿದು ಮುಚ್ಚಿದ ಕಂಡಿಯನ್ನು ನೋಡಿದರು. ತಲೆ ಬಗ್ಗಿಸಿ ಒಂದು ಕಾಲು ಒಳಗಿಟ್ಟವರು ಹಾಗೆಯೇ ನಿಂತರು. ಆಮೇಲೆ ಕಾಲನ್ನು ಹೊರಗೆ ತೆಗೆದರು.

"ನನಗೆ ಬ್ಯಾಂಕಿಗೆ ಹೋಗ್ಲಿಕ್ಕೆ ಉಂಟು."

"ಫೋಟೋ ತೆಗೆಯುವಷ್ಟು ಹೊತ್ತು ಸಾಕು ಅಣ್ಣ. ನಾನು ಐಸ್ ಪ್ಲಾಂಟಿನಲ್ಲಿ ಕೂತಷ್ಟು."

ಅವರು ಜೇಬಿಗೆ ಕೈ ಹಾಕಿ ಕೀ ತಡಕಿದರು. ಆಗಲೇ ನನಗೆ ಅವರು ನಗುತ್ತಾ ಟೆಂಟಿಗೆ ಕೈ ಮಾತ್ರ ಹಾಕಿ ಹೀಟರ್ ಆರಿಸಿದ್ದು ಕಣ್ಣಿಗೆ ಕಟ್ಟಿದ್ದು. ಅವರಿಗೆ ಒಂದು ಕ್ಷಣಕ್ಕೂ ಸಂಶಯ ಇರಲಿಲ್ಲ. ನಾನು ವಾಂತಿ ಮಾಡಿದ್ದು ಯಾವುದಕ್ಕೆ ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು. ಇಡೀ ಬೆಳಗ್ಗೆ ಕೊಳೆತ ಬೂತಾಯಿಯ ಜೊತೆ ಕೂತಾಗ ತಡೆದದ್ದು ಈಗ ಬಾಯಿಗೆ ಬಂತು. ಬದಿಗೆ ಹೋಗಿ ಚರಂಡಿಗೆ ಕಾರಿ ಬಂದೆ.

ಮಾಲೀಕರು ಯಾರ ಮುಖವನ್ನೂ ನೋಡದೆ ಕಾರಿನ ಕೀ ತೆಗೆದರು. "ಎಲ್ಲ ಬಿಚ್ಚಿ ಆ ಕಂಡಿ ತೆಗೀರಿ. ಅಕ್ಕನಿಗೆ ಸಮಾಧಾನ ಆಗ್ಲಿ," ಎಂದರು.

ದೊಡ್ಡಕ್ಕ ಊಟಕ್ಕೆ ಹೋಗಲಿಲ್ಲ. ಅಟ್ಟಿಯಿಂದ ಮೊದಲ ಚೀಲವನ್ನು ಎಳೆದು ಬಿಚ್ಚಿ, ಬ್ಲೇಡನ್ನು ಹೊಲಿಗೆಯ ಸಂದಿಗೆ ಇಳಿಸಿದರು. ಆ ಹೊಲಿಗೆ ಅವರದ್ದೇ, ಅವರ ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಒಂದೊಂದೇ ನೂಲು ಕಡಿಯುತ್ತಾ, ಗೇಟಿನ ಹತ್ತಿರ ತಲುಪಿದ್ದ ಮಾಲೀಕರಿಗೆ ಕೇಳುವಷ್ಟು ದೊಡ್ಡ ಸ್ವರದಲ್ಲಿ ಹೇಳಿದರು:

"ಅಕ್ಕನ ಸಮಾಧಾನಕ್ಕಂತೆ! ಹಾಗಾದ್ರೆ ಇವರು ಒಳಗೆ ಯಾಕೆ ಕೂರ್ಲಿಲ್ಲ?"